ಮ್ಯಾಗ್ನೆಟ್ಟಿನ ಎರಡು ದೀಪಗಳು

ಆ ಎರಡು ಬಲ್ಬುಗಳನ್ನು ತೆಗೆಸಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ವಯಸ್ಸಾದವರು ಹಳೆಯದನ್ನು ಬರೆಯಲು ಕುಳಿತರೆ ತಮ್ಮ ತಪ್ಪನ್ನು ಹತ್ತನೆಯ ಪುಟದ ತನಕ ಮುಂದೂಡುತ್ತಾರೆ. ಅಷ್ಟರಲ್ಲಿ ಓದುವವರು ಅವರನ್ನು ಮೆಚ್ಚಿಕೊಂಡುಬಿಟ್ಟಿರುತ್ತಾರೆ. ನನಗೆ ಆ ಉಪಾಯ ಬೇಡ.

ಅರವತ್ತರ ದಶಕದ ಮೊದಲ ವರ್ಷಗಳು. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿ ಮುಗಿಸಿ, ಹರಿಹರದಲ್ಲಿ ಹೊಳೆಯ ಕಡೆಗಿದ್ದ ಒಂದು ಎರಕದ ಕಾರ್ಖಾನೆಗೆ ಅಸಿಸ್ಟೆಂಟ್ ಇಂಜಿನಿಯರ್ ಆಗಿ ಸೇರಿದ್ದೆ. ಬೆಳಿಗ್ಗೆ ದಾವಣಗೆರೆಯಿಂದ ರೈಲಿನಲ್ಲಿ ಹೋಗುವುದು, ಸಂಜೆ ಹಾಗೆಯೇ ವಾಪಸ್ ಬರುವುದು. ಕೈಯಲ್ಲಿ ಅವ್ವ ಕಟ್ಟಿಕೊಟ್ಟ ರೊಟ್ಟಿಯ ಬುತ್ತಿ, ಅಂಗಿಯ ಜೇಬಿನಲ್ಲಿ ಲೆಕ್ಕ ಮಾಡುವ ಸ್ಲೈಡ್ ರೂಲ್. ಆ ಸ್ಲೈಡ್ ರೂಲ್ ಅರ್ಧ ಹೊರಗೆ ಕಾಣುವ ಹಾಗೆ ಇಟ್ಟುಕೊಳ್ಳುತ್ತಿದ್ದೆ. ನಾನು ಎಂಥವನಾಗಿದ್ದೆ ಎಂದು ತಿಳಿಯಲು ಅಷ್ಟು ಸಾಕು.

ಕಾರ್ಖಾನೆಯ ಹಿಂದಿನ ಅಂಗಳದಲ್ಲಿ ಗುಜರಿ ಕಬ್ಬಿಣದ ರಾಶಿ ಇತ್ತು. ಮುರಿದ ನೇಗಿಲ ಗುಳ, ಗಾಡಿಯ ಹಳಿಪಟ್ಟಿ, ಮಿಲ್ಲುಗಳ ಸವೆದ ಚಕ್ರಗಳು ಎಲ್ಲ ಅಲ್ಲಿಗೇ ಬಂದು ಬೀಳುತ್ತಿದ್ದವು. ಅದನ್ನು ಎತ್ತಿ ಕುಲುಮೆಯ ಕಡೆಗೆ ಸಾಗಿಸಲು ಒಂದು ಮ್ಯಾಗ್ನೆಟ್ ಇತ್ತು. ರಾಗಿ ಬೀಸುವ ಕಲ್ಲಿನ ಆಕಾರದ, ಅದಕ್ಕಿಂತ ತುಂಬ ದೊಡ್ಡದಾದ ಕಬ್ಬಿಣದ ಬಿಲ್ಲೆ. ಅದರ ಹೊಟ್ಟೆಯೊಳಗೆ ಸಾವಿರಾರು ಸುತ್ತು ತಾಮ್ರದ ತಂತಿ. ಸ್ವಿಚ್ ಹಾಕಿದರೆ ಕಬ್ಬಿಣ ಕಚ್ಚಿಕೊಳ್ಳುತ್ತದೆ, ತೆಗೆದರೆ ಬಿಡುತ್ತದೆ. ಸರಪಳಿ ಎಳೆದು ಅದನ್ನು ಮೇಲೆ ಕೆಳಗೆ ಮಾಡಲು ಹತ್ತಿರದ ಕೊಂಡಜ್ಜಿ ಹಳ್ಳಿಯಿಂದ ಸೈಕಲ್ ತುಳಿದು ಬರುತ್ತಿದ್ದ ನಲವತ್ತರ ಒಬ್ಬ ಕ್ರೇನಿನವನು. ಸ್ವಿಚ್ಚಿನ ಹತ್ತಿರ ಮಾತ್ರ ಮೇಸ್ತ್ರಿಯೇ ನಿಲ್ಲಬೇಕು.

ಮೇಸ್ತ್ರಿ ಎಂದರೆ ಕಾರ್ಖಾನೆಯ ವೈರ್‌ಮನ್. ದಾವಣಗೆರೆಯ ಮುಸ್ಲಿಂ ಮನೆತನದವರು, ಐವತ್ತು ದಾಟಿದವರು. ಹತ್ತಿ ಮಿಲ್ಲಿನಲ್ಲಿ ಒಬ್ಬ ಉಸ್ತಾದರ ಕೈಕೆಳಗೆ ಕೆಲಸ ಕಲಿತಿದ್ದರು. ಶಾಲೆಯ ಮುಖ ಕಂಡಿದ್ದು ಕಡಿಮೆ. ಮೋಟರಿನ ಮೈಮೇಲೆ ಬೆರಳಿಟ್ಟು ಒಳಗಿನ ಬೇರಿಂಗ್ ಎಷ್ಟು ದಿನ ಬಾಳುತ್ತದೆ ಎಂದು ಹೇಳುತ್ತಿದ್ದರು. ಆ ಬೆರಳುಗಳನ್ನು ಕಂಡರೆ ನನಗೆ ಒಳಗೊಳಗೇ ಹೊಟ್ಟೆಕಿಚ್ಚು.

ಸ್ವಿಚ್ ಬೋರ್ಡಿನ ಮೇಲೆ, ಮ್ಯಾಗ್ನೆಟ್ಟಿಗೆ ಹೋಗುವ ಎರಡು ತಂತಿಗಳ ನಡುವೆ, ಮೇಸ್ತ್ರಿ ಎರಡು ದೊಡ್ಡ ಬಲ್ಬುಗಳನ್ನು ಕೂರಿಸಿದ್ದರು. ಒಂದೊಂದೂ ಇನ್ನೂರು ವಾಟ್. ಮ್ಯಾಗ್ನೆಟ್ ಹಾಕಿದಷ್ಟು ಹೊತ್ತೂ ಹಾಡಹಗಲಲ್ಲಿ ಉರಿಯುತ್ತಿದ್ದವು. ಸ್ವಿಚ್ ತೆಗೆದಾಗ ಆರಿಹೋಗುವ ಬದಲು ಒಮ್ಮೆ ಭಗ್ಗನೆ ಇನ್ನೂ ಜೋರಾಗಿ ಹೊಳೆದು, ಆಮೇಲೆ ಕಣ್ಣು ಮುಚ್ಚುತ್ತಿದ್ದವು. ಅವು ಪೂರ್ತಿ ಕಪ್ಪಾಗುವ ತನಕ ಮೇಸ್ತ್ರಿ ಅಲ್ಲಿಂದ ಕದಲುತ್ತಿರಲಿಲ್ಲ.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುತ್ತಾರಲ್ಲ, ನಾನೂ ಹಾಗೇ. ಬಂದ ಮೂರನೆಯ ವಾರಕ್ಕೆ ಕಾರ್ಖಾನೆಯಲ್ಲಿ ವಿದ್ಯುತ್ ಎಲ್ಲೆಲ್ಲಿ ಪೋಲಾಗುತ್ತಿದೆ ಎಂದು ಪಟ್ಟಿ ಮಾಡಲು ಕುಳಿತೆ. ಹಗಲು ಹೊತ್ತು ಉರಿಯುವ ಎರಡು ಬಲ್ಬುಗಳು ಪಟ್ಟಿಯ ತಲೆಯ ಮೇಲೇ ಬಂದವು.

"ಮೇಸ್ತ್ರಿ, ಈ ದೀಪ ಯಾಕೆ? ಬಿಸಿಲು ಸಾಲದೇನು?" ಎಂದೆ.

"ಅದು ಬೆಳಕಿಗಲ್ರೀ ಸಾಹೇಬ್ರ," ಎಂದರು ಅವರು. "ಒಳಗ ಹೋದ ಕರೆಂಟಿಗೆ ಹೊರಗ ಬರಾಕ ಒಂದು ದಾರಿ ಬೇಕಲ್ರೀ. ಮನಿಗೆ ಬಂದೋರ್ನ ಬಾಗಿಲ ತನಕ ಹೋಗಿ ಕಳಿಸಿ ಬರ್ತೀವಿ. ಇದೂ ಹಂಗ. ನಮ್ಮ ಉಸ್ತಾದರು ಹೇಳಿಕೊಟ್ಟಿದ್ದು."

ನಾನು ನಕ್ಕೆ. ಆ ನಗು ಈಗಲೂ ನನ್ನ ಕಿವಿಯಲ್ಲಿದೆ, ಹಾಳಾದದ್ದು. "ಸ್ವಿಚ್ ತೆಗೆದ ಮೇಲೆ ಕರೆಂಟು ಎಲ್ಲಿಂದ ಬರುತ್ತೆ ಮೇಸ್ತ್ರಿ? ಕರೆಂಟೇನು ನೆಂಟರೇ?" ಎಂದು ಕ್ರೇನಿನವನ ಎದುರಿಗೇ ಅಂದೆ. ಅವನೂ ಹಲ್ಲು ಬಿಟ್ಟ. ಮೇಸ್ತ್ರಿ ಏಣಿ ತಂದು ಬಲ್ಬುಗಳನ್ನು ಹೋಲ್ಡರ್ ಸಮೇತ ಬಿಚ್ಚಿ, ಧೂಳು ಒರೆಸಿ, ನನ್ನ ಕೈಗೇ ಕೊಟ್ಟರು. ನಾನು ಅವನ್ನು ಹಳೆಯ ಪೇಪರಿನಲ್ಲಿ ಸುತ್ತಿ ಮೇಜಿನ ಡ್ರಾಯರಿಗೆ ಹಾಕಿದೆ.

ಇಲ್ಲಿ ಒಂದು ಮಾತು ಹೇಳಬೇಕು. ನನಗೆ ಗೊತ್ತಿರಲಿಲ್ಲವೇ ಎಂದರೆ, ಗೊತ್ತಿತ್ತು. ಕೊನೆಯ ವರ್ಷದಲ್ಲಿ ನಮಗೆ ಟ್ರಾನ್ಸಿಯೆಂಟ್ ಎಂದು ಒಂದು ಪಾಠವೇ ಇತ್ತು. ಸ್ವಿಚ್ ಹಾಕಿದ ಕೂಡಲೇ ಮತ್ತು ತೆಗೆದ ಕೂಡಲೇ, ಆ ಒಂದೆರಡು ಗಳಿಗೆ ಕರೆಂಟು ಹೇಗೆ ನಡೆದುಕೊಳ್ಳುತ್ತದೆ ಎನ್ನುವ ಲೆಕ್ಕ ಅದು. ತಂತಿಯ ಸುರುಳಿಗೆ ಒಂದು ಸ್ವಭಾವ ಇದೆ. ಅದು ಕರೆಂಟನ್ನು ಒಮ್ಮೆಗೇ ಏರಗೊಡುವುದಿಲ್ಲ, ಒಮ್ಮೆಗೇ ಇಳಿಯಗೊಡುವುದೂ ಇಲ್ಲ. ಚೀಲ ಹೇರಿದ ಗಾಡಿ ಹೊರಡಲು ಹೊತ್ತು ಹಿಡಿಯುತ್ತದೆ, ಇಳಿಜಾರಿನಲ್ಲಿ ಎತ್ತು ನಿಂತರೂ ಗಾಡಿ ನಿಲ್ಲುವುದಿಲ್ಲ. ಕರೆಂಟನ್ನು ಬಲವಂತದಿಂದ ನಿಲ್ಲಿಸಹೋದರೆ ಸುರುಳಿ ತಾನೇ ವೋಲ್ಟೇಜು ಹುಟ್ಟಿಸಿ ಅದನ್ನು ಮುಂದಕ್ಕೆ ನೂಕುತ್ತದೆ. ಎಷ್ಟು ಬೇಗ ನಿಲ್ಲಿಸುತ್ತೀರೋ ಅಷ್ಟು ಹೆಚ್ಚು ವೋಲ್ಟೇಜು. ಈ ಲೆಕ್ಕದಲ್ಲಿ ನನಗೆ ತರಗತಿಗೇ ಹೆಚ್ಚು ಅಂಕ ಬಂದಿತ್ತು.

ಆದರೆ ಪುಸ್ತಕದಲ್ಲಿ ಸ್ವಿಚ್ಚಿಗೆ ಯಾವಾಗಲೂ ಎರಡು ಜಾಗ. ಒಂದನೆಯ ಜಾಗದಲ್ಲಿ ಬ್ಯಾಟರಿ, ಎರಡನೆಯ ಜಾಗದಲ್ಲಿ ಒಂದು ರೆಸಿಸ್ಟರ್, ಅಂದರೆ ಕರೆಂಟಿಗೆ ತಡೆ ಒಡ್ಡುವ ವಸ್ತು. "ಸ್ವಿಚ್ಚನ್ನು ಒಂದರಿಂದ ಎರಡಕ್ಕೆ ಸರಿಸಲಾಗಿದೆ, ಕರೆಂಟನ್ನು ಕಂಡುಹಿಡಿಯಿರಿ." ಅಷ್ಟೇ ಪ್ರಶ್ನೆ. ಕರೆಂಟು ರೆಸಿಸ್ಟರಿನಲ್ಲಿ ಹರಿದು ಸುಮ್ಮನೆ ಕರಗಿಹೋಗುತ್ತದೆ, ನಾವು ಬಾಗಿದ ಗೆರೆ ಎಳೆದು ಅಂಕ ತೆಗೆದುಕೊಳ್ಳುತ್ತೇವೆ. ಆ ರೆಸಿಸ್ಟರ್ ಅಲ್ಲಿ ಯಾಕಿದೆ ಎಂದು ನಾವು ಯಾರೂ ಕೇಳಿರಲಿಲ್ಲ. ಮೇಸ್ತ್ರಿಯ ಬಲ್ಬುಗಳು ಅದೇ ರೆಸಿಸ್ಟರ್ ಎಂದು ನನಗೆ ಹೊಳೆಯಲೂ ಇಲ್ಲ. ಎರಡನೆಯ ಜಾಗವನ್ನು ಕಿತ್ತು ನನ್ನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೆ.

ಬಲ್ಬು ಹೋದ ಮರುದಿನದಿಂದಲೇ ಸ್ವಿಚ್ಚಿನ ಗುಣ ಬದಲಾಯಿತು. ಹಿಡಿಕೆ ಹಿಡಿದು ಅದರ ತಾಮ್ರದ ಪಟ್ಟಿಯನ್ನು ಹೊರಕ್ಕೆ ಎಳೆದಾಗ ಅದರ ಹಿಂದೆಯೇ ಗೇಣುದ್ದ ನೀಲಿ ಬೆಂಕಿ ಎದ್ದು ಬರುತ್ತಿತ್ತು. ಮೇಸ್ತ್ರಿ ನನ್ನ ಕೋಣೆಗೆ ಬಂದು ಬಾಗಿಲಲ್ಲಿ ನಿಂತರು.

"ಸ್ವಿಚ್ಚು ಉಗುಳಾಕ ಹತ್ತೈತ್ರಿ ಸಾಹೇಬ್ರ. ತಾಮ್ರ ಎಲ್ಲ ಕರಗಾಕತ್ತೈತಿ."

"ನೀವು ನಿಧಾನವಾಗಿ ಎಳೆಯುತ್ತೀರಿ, ಅದಕ್ಕೇ," ಎಂದೆ, ಬರೆಯುತ್ತಿದ್ದ ಪೋಲಿನ ಪಟ್ಟಿಯಿಂದ ತಲೆ ಎತ್ತದೆ. "ಝಟ್ಟನೆ ಎಳೀರಿ. ಬೇಗ ತೆಗೆದಷ್ಟೂ ಕಿಡಿ ಕಡಿಮೆ."

"ಝಟ್ಟನ?"

"ಹೌದು, ಝಟ್ಟನೆ."

ಅವರು ಒಂದು ಗಳಿಗೆ ನಿಂತರು. ಮೂವತ್ತು ವರ್ಷದ ಕೈ ಒಂದು ಹೇಳುತ್ತಿತ್ತು, ಓದಿದವನ ಬಾಯಿ ಇನ್ನೊಂದು ಹೇಳುತ್ತಿತ್ತು. "ಆತ್ರಿ" ಎಂದು ಹೋದರು.

ಎರಡು ದಿನ ಕಳೆದು, ಗುರುವಾರ ಊಟದ ಹೊತ್ತಿಗೆ ಮುಂಚೆ, ಅಂಗಳದಿಂದ ಪಟಾಕಿ ಹೊಡೆದ ಹಾಗೆ ಸದ್ದು ಕೇಳಿತು. ಓಡಿದೆ. ಮ್ಯಾಗ್ನೆಟ್ ತಾನು ಕಚ್ಚಿದ್ದ ಕಬ್ಬಿಣವನ್ನೆಲ್ಲ ಬಿಟ್ಟು ಸುಮ್ಮನೆ ನೇತಾಡುತ್ತಿತ್ತು. ಮೇಸ್ತ್ರಿ ಬೋರ್ಡಿನಿಂದ ಮಾರು ದೂರ ಬಿದ್ದಿದ್ದರು. ಸ್ವಿಚ್ಚಿನ ಹಿಡಿಕೆಯಲ್ಲಿ ಕೂದಲಿನಷ್ಟು ಸಣ್ಣ ಬಿರುಕು ಬಹಳ ವರ್ಷದಿಂದ ಇತ್ತು. ದೀಪಗಳು ಇದ್ದಷ್ಟು ದಿನ ಅದರಿಂದ ಏನೂ ಆಗಿರಲಿಲ್ಲ. ಅವತ್ತು ಝಟ್ಟನೆ ಎಳೆದಾಗ ಸುರುಳಿ ಹುಟ್ಟಿಸಿದ ವೋಲ್ಟೇಜು ಆ ಬಿರುಕಿನಲ್ಲಿ ನುಗ್ಗಿ ಅವರ ಬಲಗೈ ಹಿಡಿದಿತ್ತು. ಅಂಗೈ ಸುಟ್ಟು, ನಡುವಿನ ಎರಡು ಬೆರಳು ಕಪ್ಪಾಗಿದ್ದವು. ಕ್ರೇನಿನವನು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು "ಚಾಚಾ, ಚಾಚಾ" ಎಂದು ಕೂಗುತ್ತಿದ್ದ.

ದಾವಣಗೆರೆಯ ಆಸ್ಪತ್ರೆಗೆ ಲಾರಿಯಲ್ಲಿ ಒಯ್ದೆವು. ಜೀವಕ್ಕೆ ಭಯವಿಲ್ಲ, ಎರಡು ಬೆರಳು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದರು.

ಮರುದಿನ ಮ್ಯಾನೇಜರು ಕರೆಸಿದರು. ಕೆಟ್ಟ ಮನುಷ್ಯರಲ್ಲ, ಕಾಗದ ಸರಿಯಾಗಿರಬೇಕು ಎನ್ನುವವರು. "ನೀವೇ ವರದಿ ಬರೀರಿ. ಸೋಮವಾರ ನನ್ನ ಮೇಜಿನ ಮೇಲೆ ಇರಬೇಕು. ತಪ್ಪು ಮೇಸ್ತ್ರಿಯದು ಎಂದಾದರೆ ಅವರನ್ನು ಇಟ್ಟುಕೊಳ್ಳಲು ಆಗುವುದಿಲ್ಲ. ಹಾಗಲ್ಲದಿದ್ದರೆ ಬೇರೆ ಏನಾದರೂ ಹಗುರ ಕೆಲಸ ಕೊಡೋಣ," ಎಂದರು. ಮೇಸ್ತ್ರಿಯ ಮುಂದಿನ ಬದುಕೆಲ್ಲ ನನ್ನ ಪೆನ್ನಿನ ತುದಿಗೆ ಬಂದು ಕೂತಿತು. ಕುಲುಮೆ ನಿಲ್ಲುವ ಹಾಗಿರಲಿಲ್ಲವಾದ್ದರಿಂದ ಅವತ್ತೇ ಸ್ವಿಚ್ಚಿಗೆ ಹೊಸ ಹಿಡಿಕೆ ಹಾಕಿಸಿ, ಕ್ರೇನಿನವನನ್ನೇ ಸ್ವಿಚ್ಚಿನ ಹತ್ತಿರವೂ ನಿಲ್ಲಿಸಿದೆ. ಹಾಕಿಸಿದವನೂ ನಾನೇ, ನಿಲ್ಲಿಸಿದವನೂ ನಾನೇ.

ಭಾನುವಾರ ಮಧ್ಯಾಹ್ನ ಮನೆಯ ಪಡಸಾಲೆಯಲ್ಲಿ ಬರೆಯಲು ಕುಳಿತೆ. ವರದಿಗೆ ತೂಕ ಬರಲಿ ಎಂದು ಒಂದು ಸಮೀಕರಣ ಸೇರಿಸೋಣ ಅನ್ನಿಸಿತು. ಮ್ಯಾಗ್ನೆಟ್ಟಿನ ಸುರುಳಿ ಬರೆದೆ, ಸ್ವಿಚ್ ಬರೆದೆ. ಒಂದನೆಯ ಜಾಗದಲ್ಲಿ ಕಾರ್ಖಾನೆಯ ಜನರೇಟರ್ ಬರೆದೆ. ಎರಡನೆಯ ಜಾಗಕ್ಕೆ ಪೆನ್ಸಿಲ್ ಬಂದು ನಿಂತಿತು. ಅಲ್ಲಿ ಬರೆಯಲು ಏನೂ ಇರಲಿಲ್ಲ. ಬರೀ ಗಾಳಿ. ಗಾಳಿಯ ತಡೆಗೆ ಕೊನೆಯಿಲ್ಲದ ಬೆಲೆ ಹಾಕಿ ಲೆಕ್ಕ ಮುಂದುವರಿಸಿದರೆ ವೋಲ್ಟೇಜಿಗೂ ಕೊನೆ ಸಿಗಲಿಲ್ಲ. ಆಮೇಲೆ ಆ ಜಾಗದಲ್ಲಿ ಎರಡು ಬಲ್ಬುಗಳನ್ನು ಬರೆದು ಮತ್ತೆ ಲೆಕ್ಕ ಮಾಡಿದೆ. ಮುನ್ನೂರು ಚಿಲ್ಲರೆ ವೋಲ್ಟು ಬಂತು. ಕಾಲು ಸೆಕೆಂಡಿನೊಳಗೆ ಎಲ್ಲ ತಣ್ಣಗೆ. ಮೇಸ್ತ್ರಿಯ ದೀಪ ಯಾಕೆ ಭಗ್ಗನೆ ಹೊಳೆದು ಆರುತ್ತಿತ್ತು ಎನ್ನುವುದು ಕಾಗದದ ಮೇಲೆ ಅಚ್ಚುಕಟ್ಟಾಗಿ ಬಂದುಬಿಟ್ಟಿತ್ತು.

ಪಡಸಾಲೆಯಲ್ಲಿ ಮಂಡಕ್ಕಿ ತಂದಿಟ್ಟ ಅವ್ವ "ಯಾಕೋ, ಮುಖ ಹಂಗ ಮಾಡ್ಕೊಂಡಿ?" ಎಂದಳು. "ಏನಿಲ್ಲ" ಎಂದೆ. ನಾಚಿಕೆಯಾಗಿತ್ತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆ. ಕೆಲಸ ಹೋದರೆ, ಊರಲ್ಲಿ ಗೊತ್ತಾದರೆ ಎಂಬ ಹೆದರಿಕೆ. ಆ ಹಾಳೆಯನ್ನು ಮಡಚಿ ಪುಸ್ತಕದೊಳಗೆ ತುರುಕಿ, ಬೇರೆ ಹಾಳೆ ತೆಗೆದುಕೊಂಡೆ. ಸ್ವಿಚ್ಚಿನ ಹಿಡಿಕೆ ಬಿರುಕು ಬಿಟ್ಟಿತ್ತು ಎಂದು ಬರೆದೆ. ಅದನ್ನು ನೋಡಿಕೊಳ್ಳಬೇಕಾದವರು ವೈರ್‌ಮನ್ ಎಂದು ಬರೆದೆ. ಅಪಘಾತದ ಹೊತ್ತಿಗೆ ಅವರು ರಬ್ಬರಿನ ಕೈಗವಸು ಹಾಕಿರಲಿಲ್ಲ ಎಂದು ಬರೆದೆ. ಒಂದೊಂದು ವಾಕ್ಯವೂ ನಿಜ. ಒಟ್ಟು ಬರಹ ಮಾತ್ರ ಸುಳ್ಳು.

ಸೋಮವಾರ ಬೆಳಿಗ್ಗೆ ಆ ವರದಿಯನ್ನು ಜೇಬಿನಲ್ಲಿಟ್ಟುಕೊಂಡು, ರೈಲಿಗೆ ಮುಂಚೆ ಆಸ್ಪತ್ರೆಗೆ ಹೋದೆ. ಯಾಕೆ ಹೋದೆ ಎಂದು ಈಗಲೂ ಸರಿಯಾಗಿ ಹೇಳಲಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ, ಯಾರೂ ಏನೂ ಅನ್ನದೆ ನಾನಾಗಿ ಹೋಗಿದ್ದೆ. ಮೇಸ್ತ್ರಿ ಹಾಸಿಗೆಯಲ್ಲಿ ಎದ್ದು ಕೂತಿದ್ದರು. ಬಲಗೈ ಮೊಣಕೈ ತನಕ ಬಿಳಿ ಬಟ್ಟೆ. ಅವರ ಹೆಂಡತಿ ಲೋಟದಲ್ಲಿ ಚಹಾ ಕುಡಿಸುತ್ತಿದ್ದರು. ನನ್ನನ್ನು ಕಂಡು ಲೋಟವನ್ನು ಹಾಸಿಗೆಯ ಪಕ್ಕದಲ್ಲಿಟ್ಟು, ಸೆರಗು ಸರಿಮಾಡಿಕೊಂಡು ಎದ್ದು ಆಚೆ ಹೋದರು.

"ಬರ್ರಿ ಸಾಹೇಬ್ರ, ಕೂಡ್ರಿ," ಎಂದರು ಮೇಸ್ತ್ರಿ. ಕುಳಿತೆ. ಅವರೇ ಕೇಳಿದರು. "ನಾನು ಬೇಗ ತೆಗೀಲಿಲ್ಲ, ಅಲ್ರೀ? ನೀವು ಝಟ್ಟನ ಅಂದಿದ್ರಿ. ವಯಸ್ಸಾತು ನೋಡ್ರಿ, ಕೈ ಮೊದಲಿನಂಗ ಓಡಾಂಗಿಲ್ಲ. ಮೂರು ದಿನದಿಂದ ಅದನ್ನ ಯೋಚನೆ ಮಾಡಾಕತ್ತೀನಿ."

ಅವರು ಮೂರು ದಿನ ಸುಟ್ಟ ಕೈ ಹಿಡಿದುಕೊಂಡು ನನ್ನ ಮಾತನ್ನು ನಂಬಿ ತನ್ನ ಮೇಲೆ ತಾನೇ ತಪ್ಪು ಹೊರಿಸಿಕೊಳ್ಳುತ್ತಿದ್ದರು. ನನ್ನ ವರದಿ ಹೇಳುವುದೂ ಅದನ್ನೇ.

"ಇಲ್ಲ ಮೇಸ್ತ್ರಿ," ಎಂದೆ. "ನೀವು ಬೇಗ ತೆಗೆದಿರಿ, ಅದಕ್ಕೇ ಹೀಗಾಯಿತು. ನಾನು ಹೇಳಿದ್ದು ತಪ್ಪು. ದೀಪ ತೆಗೆಸಿದ್ದು ಅದಕ್ಕಿಂತ ದೊಡ್ಡ ತಪ್ಪು. ನಿಮ್ಮ ಉಸ್ತಾದರು ಹೇಳಿದ್ದೇ ಸರಿ. ನಿನ್ನೆ ಲೆಕ್ಕ ಹಾಕಿ ನೋಡಿದೆ."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ನನ್ನ ಮುಖವನ್ನೇ ನೋಡಿ ಕೇಳಿದ್ದು ಒಂದೇ ಮಾತು.

"ನಿನ್ನೆನಾ ಗೊತ್ತಾತಲ್ರೀ? ಹಂಗಾರ ದೀಪ ವಾಪಸ್ ಹಾಕಿಸಿರೇನ್ರಿ?"

ಇಲ್ಲ ಎಂದೆ.

"ಈಗ ಸ್ವಿಚ್ಚಿಗೆ ಯಾರು ನಿಂತಾರ?"

ಕ್ರೇನಿನವನು ಎಂದೆ. ಮೇಸ್ತ್ರಿ ಚಹಾದ ಲೋಟವನ್ನು ಎಡಗೈಯಿಂದ ದೂರ ತಳ್ಳಿದರು. "ಅವನಿಗೆ ಮೂರು ಮಕ್ಕಳದಾವ್ರಿ! ಹೋಗ್ರಿ, ಮೊದಲು ಹೋಗ್ರಿ!" ಎಂದರು. ಅವರು ನನ್ನ ಮೇಲೆ ದನಿ ಎತ್ತಿದ್ದು ಅದೊಂದೇ ಸಲ.

ರೈಲಿಗೆ ಕಾಯಲಿಲ್ಲ. ಹರಿಹರದ ಕಡೆ ಹೊರಟಿದ್ದ ಹತ್ತಿಯ ಲಾರಿಗೆ ಕೈ ಅಡ್ಡ ಹಿಡಿದು ಹತ್ತಿದೆ. ಒಂಬತ್ತು ಮೈಲಿ. ಭಾನುವಾರ ಮಧ್ಯಾಹ್ನದಿಂದ ನನಗೆ ಎಲ್ಲ ಗೊತ್ತಿತ್ತು. ಮಂಡಕ್ಕಿ ತಿಂದಿದ್ದೆ, ಮಲಗಿದ್ದೆ, ಕ್ಷೌರ ಮಾಡಿಕೊಂಡಿದ್ದೆ, ವರದಿಯನ್ನು ಒಳ್ಳೆಯ ಅಕ್ಷರದಲ್ಲಿ ಎರಡನೆಯ ಸಲ ಬರೆದಿದ್ದೆ. ನನ್ನ ಹೆಸರು ಉಳಿಸಿಕೊಳ್ಳುವುದು ಹೇಗೆ ಎಂಬುದರ ಹೊರತು ಬೇರೆ ಯಾವ ಯೋಚನೆಯೂ ಬಂದಿರಲಿಲ್ಲ.

ಅಂಗಳಕ್ಕೆ ಬಂದಾಗ ಮ್ಯಾಗ್ನೆಟ್ ರಾಶಿಯ ಮೇಲೆ ಕಬ್ಬಿಣ ಕಚ್ಚಿಕೊಂಡು ಕೂತಿತ್ತು. ಕ್ರೇನಿನವನ ಕೈ ಹಿಡಿಕೆಯ ಮೇಲಿತ್ತು.

"ತೆಗೀಬ್ಯಾಡ!" ಎಂದು ಕೂಗಿದೆ. "ಕೈ ಬಿಡು, ಹಿಂದಕ್ಕೆ ಸರಿ!"

ಅವನು ಬೆದರಿ ಹಿಂದಕ್ಕೆ ಹಾರಿದ. ಜನರೇಟರನ್ನೇ ನಿಲ್ಲಿಸೋಣ ಎಂದರೆ ಒಳಗೆ ಕರಗಿದ ಕಬ್ಬಿಣದ ತೊಟ್ಟಿಯನ್ನು ಎತ್ತಿ ಹಿಡಿದಿದ್ದೂ ಅದೇ ಕರೆಂಟು, ನಿಲ್ಲಿಸುವ ಹಾಗಿರಲಿಲ್ಲ. ಡ್ರಾಯರಿನಿಂದ ಬಲ್ಬುಗಳ ಪೊಟ್ಟಣ ತಂದೆ. ರಬ್ಬರಿನ ಕೈಗವಸು ಹಾಕಿಕೊಂಡು, ಮರದ ಪೆಟ್ಟಿಗೆಯ ಮೇಲೆ ನಿಂತು, ಹರಿಯುತ್ತಿದ್ದ ಕರೆಂಟಿನ ಮೇಲೆಯೇ ಎರಡೂ ದೀಪಗಳನ್ನು ಕಟ್ಟಿದೆ. ಸ್ಕ್ರೂ ಎರಡು ಸಲ ಕೈಯಿಂದ ಜಾರಿ ಬಿತ್ತು. ಕಾಲೇಜಿನ ನಾಲ್ಕು ವರ್ಷದಲ್ಲಿ ನಾನು ಒಂದು ಸ್ಕ್ರೂವನ್ನೂ ನೆಟ್ಟಗೆ ತಿರುಗಿಸಿರಲಿಲ್ಲ ಎಂದು ಆಗ ಗೊತ್ತಾಯಿತು. ದೀಪಗಳು ಹತ್ತಿದವು. ಹಾಡಹಗಲಿನ ಬಿಸಿಲಿನಲ್ಲಿ ಅವುಗಳ ಬೆಳಕು ಕಂಡೂ ಕಾಣದ ಹಾಗೆ ಇತ್ತು.

ಆಮೇಲೆ ನಾನೇ ಹಿಡಿಕೆ ಹಿಡಿದೆ. ಎಳೆದೆ. ದೀಪಗಳು ಭಗ್ಗನೆ ಹೊಳೆದು ಆರಿದವು. ಕಬ್ಬಿಣ ಸುರಿಯಿತು. ಸ್ವಿಚ್ಚಿನಲ್ಲಿ ಒಂದು ಸಣ್ಣ ಕಿಡಿ ಬಿಟ್ಟರೆ ಏನೂ ಇರಲಿಲ್ಲ. ಅವು ಪೂರ್ತಿ ಕಪ್ಪಾಗುವ ತನಕ ಅಲ್ಲೇ ನಿಂತಿದ್ದೆ. ಕ್ರೇನಿನವನು ನನ್ನನ್ನೇ ನೋಡುತ್ತಿದ್ದ. ಈ ಸಲ ಅವನು ಹಲ್ಲು ಬಿಡಲಿಲ್ಲ.

ಜೇಬಿನಲ್ಲಿದ್ದ ವರದಿಯನ್ನು ಹರಿದು ಬೇರೆ ಬರೆದೆ. ಅರ್ಧ ಪುಟ. ದೀಪಗಳು ಯಾಕಿದ್ದವು, ಯಾರು ತೆಗೆಸಿದರು, ಝಟ್ಟನೆ ಎಳೆಯಲು ಯಾರು ಹೇಳಿದರು, ಅಷ್ಟೇ. ಜೊತೆಗೆ ಭಾನುವಾರದ ಲೆಕ್ಕದ ಹಾಳೆ. ಮ್ಯಾನೇಜರು ಓದಿ, ಕನ್ನಡಕ ತೆಗೆದು, "ಇದನ್ನು ಹೀಗೇ ಇಡಲೇ?" ಎಂದು ಕೇಳಿದರು. ಇಡಿ ಎಂದೆ. ಆ ತಿಂಗಳ ಕೊನೆಗೆ ನನ್ನ ಕೆಲಸ ಹೋಯಿತು. ಹೋಗಬೇಕಾದದ್ದೇ. ಮುಂದೆ ನಾನು ಮೇಷ್ಟ್ರಾದೆ. ಮೇಸ್ತ್ರಿ ಕೈ ವಾಸಿಯಾದ ಮೇಲೆ ಅದೇ ಕಾರ್ಖಾನೆಯ ಸ್ಟೋರಿನಲ್ಲಿ ಕೂತರು. ಮೋಟರಿನ ಮೈಮೇಲೆ ಇಡಲು ಅವರಿಗೆ ಮೊದಲಿನ ಬೆರಳುಗಳು ಉಳಿಯಲಿಲ್ಲ. ಅದನ್ನು ಯಾವ ವರದಿಯೂ ಸರಿಮಾಡಲಿಲ್ಲ.

ಆ ಸೋಮವಾರದ ಸಂಜೆ ರೈಲಿಳಿದು ಮತ್ತೆ ಆಸ್ಪತ್ರೆಗೆ ಹೋದೆ. ವಾರ್ಡಿನ ಬಾಗಿಲಲ್ಲೇ ನಿಂತೆ. ಮೇಸ್ತ್ರಿಯೇ ಕಂಡು ಕರೆದರು.

"ಹಾಕಿದ್ರಾ?"

"ಹಾಕಿದೆ ಮೇಸ್ತ್ರಿ."

"ಹೊಳೆದು ಆರಿದ್ವೇನ್ರಿ?"

"ಹೊಳೆದು ಆರಿದವು."

ಅವರು ಕಣ್ಣು ಮುಚ್ಚಿ ತಲೆಯಾಡಿಸಿದರು. ವರದಿಯ ಮಾತು ಹೇಳಿದೆ. ಕೇಳಿಸಿಕೊಂಡರು. ಕ್ಷಮಿಸಿ ಎಂದು ಹೇಳಲು ನಾನು ರೈಲಿನಲ್ಲಿ ಸಿದ್ಧಮಾಡಿಕೊಂಡು ಬಂದಿದ್ದ ಮಾತುಗಳೆಲ್ಲ ಆ ಬಿಳಿ ಬಟ್ಟೆಯ ಕೈಯ ಎದುರಿಗೆ ಕೆಲಸಕ್ಕೆ ಬಾರದವಾಗಿ ಕಂಡವು. ಸ್ವಲ್ಪ ಹೊತ್ತು ಕೂತಿದ್ದು, "ಬರ್ತೀನಿ ಮೇಸ್ತ್ರಿ" ಎಂದು ಎದ್ದೆ.

ಅವರು ಎಡಗೈಯಿಂದ ಹೊದಿಕೆ ಸರಿಸಿ ಕಾಲು ಕೆಳಗಿಟ್ಟರು. "ಬೇಡ, ಮಲಗಿ" ಎಂದೆ. ಹೆಂಡತಿಯೂ ತಡೆದರು. ಅವರು ಯಾರ ಮಾತನ್ನೂ ಕೇಳಲಿಲ್ಲ. ಕಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ, ಹತ್ತು ಹಾಸಿಗೆಗಳನ್ನು ದಾಟಿ, ನನ್ನನ್ನು ಬಾಗಿಲ ತನಕ ಕಳಿಸಲು ಬಂದರು.